ಮಾವನವರ ರಷ್ಯನ್ ಸಲಾಡ್

ಕಳೆದ ಡಿಸೆಂಬರಿನಲ್ಲಿ ನಮ್ಮ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು, ಊಟಕ್ಕೆ ಬಡಿಸಿದ ರಷ್ಯನ್ ಸಲಾಡನ್ನು ಎರಡು ಸಲ ಹಾಕಿಸಿಕೊಂಡು, "ಮೇಡಂ, ಇದನ್ನು ಮಾಡುವ ಕ್ರಮ ಬರೆಯಿರಿ, ನಾವೆಲ್ಲ ಓದುತ್ತೇವೆ" ಎಂದಿದ್ದಳು. ಒಪ್ಪಿಕೊಂಡೆನಾದರೂ ಬರೆಯಲು ಕುಳಿತಾಗಲೆಲ್ಲ ಕೈ ತಡೆಯುತ್ತಿತ್ತು. ಈ ಸಲಾಡಿನ ವಿಷಯದಲ್ಲಿ ನಾನೊಮ್ಮೆ ಸುಳ್ಳು ಹೇಳಿದ್ದೇನೆ. ಅದನ್ನು ಮರೆಮಾಚಿ ಆಲೂಗಡ್ಡೆ, ಬಟಾಣಿಗಳ ಲೆಕ್ಕವನ್ನಷ್ಟೇ ಒಪ್ಪಿಸುವುದು ನನ್ನಿಂದಾಗದು.

ನಾನು ಬಿ.ಎಡ್. ಮುಗಿಸಿ, 1985ರಲ್ಲಿ ಮದುವೆಯಾಗಿ ಮೈಸೂರಿನಿಂದ ಅಮ್ಮತ್ತಿಗೆ ಬಂದವಳು. ನಮ್ಮ ಮಾವನವರು ಇಪ್ಪತ್ತೈದು ವರ್ಷ ಸೈನ್ಯದಲ್ಲಿದ್ದವರು. ಕೊಡಗಿನಲ್ಲಿ ಇದೇನೂ ವಿಶೇಷವಲ್ಲ. ಕಾರ್ಯಪ್ಪನವರನ್ನೂ ತಿಮ್ಮಯ್ಯನವರನ್ನೂ ಭೂಸೇನೆಯ ಮುಖ್ಯಸ್ಥರನ್ನಾಗಿ ಕೊಟ್ಟ ನಾಡು ಇದು. ಇಲ್ಲಿ "ಸೈನ್ಯದಲ್ಲಿದ್ದರು" ಎಂದೊಡನೆ ಮುಂದಿನ ಪ್ರಶ್ನೆ "ಯಾವ ಹುದ್ದೆ?" ಎಂಬುದೇ. ಮಾವನವರು ಅಧಿಕಾರಿಗಳ ಮೆಸ್ಸಿನಲ್ಲಿ ಅಡಿಗೆಯವರಾಗಿದ್ದರು. ಅವರು ಅದನ್ನು ಯಾರ ಮುಂದೆಯೂ ಮುಚ್ಚಿಟ್ಟವರಲ್ಲ. ಮುಚ್ಚಿಟ್ಟವಳು ನಾನು.

ರಷ್ಯನ್ ಸಲಾಡ್ ಮೆಸ್ಸಿನ ದೊಡ್ಡ ಔತಣಗಳ ತಿನಿಸು. ಬ್ರಿಟಿಷರ ಕಾಲದಿಂದ ಕ್ಲಬ್ಬುಗಳಲ್ಲೂ ಮೆಸ್ಸುಗಳಲ್ಲೂ ಉಳಿದುಕೊಂಡು ಬಂದದ್ದು. ಅದರ ಮೂಲ ಮಾತ್ರ ಮಾಸ್ಕೋ. 1860ರ ದಶಕದಲ್ಲಿ ಅಲ್ಲಿನ ಹರ್ಮಿಟೇಜ್ ಎಂಬ ಭೋಜನಶಾಲೆಯ ಬಾಣಸಿಗ ಲೂಸಿಯೆನ್ ಒಲಿವಿಯೆ ಇದನ್ನು ರೂಪಿಸಿದನೆಂದು ಹೇಳುತ್ತಾರೆ. ಅವನದು ಹಕ್ಕಿಯ ಮಾಂಸ, ಸೀಗಡಿಯಂಥ ಜಲಚರಗಳು ಬೆರೆತ ಶ್ರೀಮಂತರ ಭಕ್ಷ್ಯ. ಮುಂದೆ ಸೋವಿಯತ್ ಕಾಲದಲ್ಲಿ ಅದೇ ಆಲೂಗಡ್ಡೆ, ಕ್ಯಾರೆಟ್, ಬಟಾಣಿ, ಮೊಟ್ಟೆಗಳ ಸಾಮಾನ್ಯರ ಹೊಸವರ್ಷದ ಊಟವಾಯಿತು. ರಷ್ಯದಲ್ಲಿ ಇದನ್ನು ಇಂದಿಗೂ ಒಲಿವಿಯೆ ಎಂದೇ ಕರೆಯುತ್ತಾರೆ. ತುರ್ಕಿಯಲ್ಲಿ ಇದಕ್ಕೆ ಅಮೆರಿಕನ್ ಸಲಾಡ್ ಎಂಬ ಹೆಸರೂ ಉಂಟಂತೆ! ಬಾಣಸಿಗನ ಹೆಸರನ್ನೇ ಒಂದು ತಿನಿಸಿಗೆ ಇಟ್ಟುಕೊಂಡ ಆ ಜನರ ಮುಂದೆ ನಾನು ಮಾಡಿದ್ದನ್ನು ಹೇಳಲು ಇನ್ನಷ್ಟು ಸಂಕೋಚವಾಗುತ್ತದೆ.

1987ರ ಡಿಸೆಂಬರ್. ನಮ್ಮ ಮುಖ್ಯೋಪಾಧ್ಯಾಯರನ್ನೂ ಮೂವರು ಸಹೋದ್ಯೋಗಿಗಳನ್ನೂ ರಾತ್ರಿಯ ಊಟಕ್ಕೆ ಕರೆದಿದ್ದೆ. ಮಾವನವರು ತಾವಾಗಿಯೇ, "ಟೀಚರಮ್ಮ, ಒಂದು ರಷ್ಯನ್ ಸಲಾಡ್ ಮಾಡೋಣ" ಎಂದರು. ನನ್ನನ್ನು ಅವರು ಕರೆಯುತ್ತಿದ್ದುದೇ ಹಾಗೆ. ಬೆಳಿಗ್ಗೆಯೇ ಆಲೂಗಡ್ಡೆಯನ್ನು ಸಿಪ್ಪೆಸಹಿತ ಬೇಯಿಸಿ ಆರಲಿಟ್ಟರು. ಕ್ಯಾರೆಟ್, ಬೀನ್ಸ್, ಬಟಾಣಿ ಇವುಗಳಿಗೆ ಬೇರೆ ಬೇರೆ ಪಾತ್ರೆ, ಬೇರೆ ಬೇರೆ ಹೊತ್ತು. ಎಲ್ಲವನ್ನೂ ಬಟಾಣಿಯ ಗಾತ್ರಕ್ಕೇ ಹೆಚ್ಚಬೇಕೆಂಬುದು ಮೆಸ್ಸಿನ ಕಟ್ಟುನಿಟ್ಟು. ನಾನು ಹೆಚ್ಚಿದ ಕ್ಯಾರೆಟ್ಟನ್ನು ನೋಡಿ, ಏನೂ ಹೇಳದೆ, ದೊಡ್ಡ ತುಂಡುಗಳನ್ನು ಆರಿಸಿ ಮತ್ತೆ ಹೆಚ್ಚಿದರು.

ಮೇಯೊನೇಸನ್ನು ನನಗೆ ವಹಿಸಿದ್ದರು. ಮೊಟ್ಟೆಯ ಹಳದಿಗೆ ಎಣ್ಣೆಯನ್ನು ಹನಿಹನಿಯಾಗಿ ಬೀಳಿಸುತ್ತ ಬಿಡದೆ ತಿರುವಬೇಕು. ನನಗೋ ಅವಸರ. ಧಾರೆಯಾಗಿ ಸುರಿದೆ, ಒಡೆದುಹೋಯಿತು. ಎಣ್ಣೆ ಬೇರೆ, ಹಳದಿ ಬೇರೆ. ಅತಿಥಿಗಳು ಬರಲು ಎರಡು ಗಂಟೆಯಷ್ಟೇ ಉಳಿದಿತ್ತು, ನನಗೆ ಅಳುವೇ ಬಂತು. ಅವರು ಇನ್ನೊಂದು ಬೋಗುಣಿಯಲ್ಲಿ ಹೊಸದೊಂದು ಹಳದಿಯನ್ನು ಹಾಕಿ, ಒಡೆದದ್ದನ್ನೇ ಚಮಚ ಚಮಚವಾಗಿ ಅದಕ್ಕೆ ಸೇರಿಸುತ್ತ ಹೋದರು. ಹತ್ತು ನಿಮಿಷದಲ್ಲಿ ಅದು ಬೆಣ್ಣೆಯಂತೆ ಕೂಡಿಕೊಂಡಿತು. ಹಳದಿಯಲ್ಲಿರುವ ಲೆಸಿಥಿನ್ ಎಂಬ ವಸ್ತು ಎಣ್ಣೆಯ ಕಣಗಳನ್ನು ನೀರಿನ ಅಂಶದಲ್ಲಿ ಚದುರಿಸಿ ಹಿಡಿದಿಡುತ್ತದೆ ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಆಮೇಲೆ ವಿವರಿಸಿದರು. ಮಾವನವರಿಗೆ ಆ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಊಟಕ್ಕೆ ಕುಳಿತಾಗ ಮುಖ್ಯೋಪಾಧ್ಯಾಯರು ಸಲಾಡನ್ನು ಬಾಯ್ತುಂಬ ಹೊಗಳಿ, "ಇದನ್ನು ಎಲ್ಲಿ ಕಲಿತಿರಿ?" ಎಂದು ಕೇಳಿದರು. ಮಾವನವರು ನೀರಿನ ಹೂಜಿಯನ್ನು ಹಿಡಿದು ಪಕ್ಕದಲ್ಲೇ ನಿಂತಿದ್ದರು, ಬಾಯಿ ತೆರೆಯುವುದರಲ್ಲಿದ್ದರು. ನಾನು ಮುಂದಾಗಿ, "ಬಿ.ಎಡ್. ಓದುವಾಗ ಗೆಳತಿಯೊಬ್ಬಳ ಮನೆಯಲ್ಲಿ ಕಲಿತೆ ಸಾರ್" ಎಂದುಬಿಟ್ಟೆ. ಅಷ್ಟಕ್ಕೆ ನಿಲ್ಲಲಿಲ್ಲ. ಮಾವನವರ ವಿಷಯ ಬಂದಾಗ, "ಸೈನ್ಯದಲ್ಲಿದ್ದರು, ಸರಬರಾಜಿನ ಕಡೆ" ಎಂದೆ. ಅವರು ಎಲ್ಲರ ಲೋಟಕ್ಕೂ ನೀರು ಹಾಕಿ ಒಳಗೆ ಹೋದರು. ಕಾಫಿಯನ್ನು ನನ್ನ ಯಜಮಾನರು ತಂದರು.

ಮಾರನೆಯ ದಿನ ಬೈಗುಳವಿಲ್ಲ, ಮುನಿಸಿಲ್ಲ. ಪಿಂಗಾಣಿ ಬೋಗುಣಿಯನ್ನು ತೊಳೆದು ಕವುಚಿ ಇಟ್ಟಿದ್ದರು, ಅಷ್ಟೆ. ಆದರೆ ಹೊರಗಿನವರು ಬರುವ ದಿನ ಅವರು ಮತ್ತೆಂದೂ ಸಲಾಡ್ ಮಾಡಲಿಲ್ಲ. ವರ್ಷದ ಕೊನೆಯ ರಾತ್ರಿ ಮನೆಮಂದಿಗೆ ಮಾತ್ರ ಮಾಡುತ್ತಿದ್ದರು. ಒಂದು ವರ್ಷ ವಿನಿಗರ್ ತೀರಿಹೋಗಿ ಕಾಚಂಪುಳಿ ಹಾಕಿದರು. ರುಚಿ ಚೆನ್ನಾಗಿತ್ತು, ಬಣ್ಣ ಮಾತ್ರ ಹಾಲು ಹಾಕಿದ ಕಾಫಿಯದು. "ಕೊಡಗು ಸಲಾಡ್" ಎಂದು ತಾವೇ ನಕ್ಕರು. ಈಗಲೂ ನಮ್ಮ ಮನೆಯಲ್ಲಿ ಅದೊಂದು ತಮಾಷೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ನಂತರ ಒಂಬತ್ತನೆಯ ತರಗತಿಯ ಹುಡುಗನೊಬ್ಬ, ಹಾಸ್ಟೆಲಿನಲ್ಲಿ ಅಡಿಗೆ ಮಾಡುತ್ತಿದ್ದ ತನ್ನ ತಂದೆಯ ಬಗ್ಗೆ ಸೊಗಸಾದ ಪ್ರಬಂಧ ಬರೆದಿದ್ದ. ಅದನ್ನು ತರಗತಿಯಲ್ಲಿ ಓದಿ ಹೇಳಿ, ಯಾವ ದುಡಿಮೆಯೂ ಕೀಳಲ್ಲವೆಂದು ಅರ್ಧ ಗಂಟೆ ಭಾಷಣ ಮಾಡಿದೆ. ಸಾಲದ್ದಕ್ಕೆ ಮನೆಗೆ ತಂದು ಮಾವನವರಿಗೂ ಓದಿದೆ. ಅವರು ಕಣ್ಣುಮುಚ್ಚಿ ಕೇಳಿ, "ಹುಡುಗ ಚೆನ್ನಾಗಿ ಬರೆದಿದ್ದಾನೆ ಟೀಚರಮ್ಮ" ಎಂದರು. ಓದಿ ಮುಗಿಸಿದ ಮೇಲೆಯೇ ನನಗೆ ನನ್ನ ಮಾತು ನೆನಪಾದದ್ದು. ಆಗಲಾದರೂ ತಪ್ಪಾಯಿತೆಂದು ಹೇಳಬಹುದಿತ್ತು. ಹೇಳಲಿಲ್ಲ. 1999ರಲ್ಲಿ ಅವರು ತೀರಿಕೊಂಡರು.

ಅವರ ಟ್ರಂಕಿನಲ್ಲಿ ಒಂದು ನೋಟ್‌ಬುಕ್ ಸಿಕ್ಕಿತು. ಅವರು ಸೇರಿದ ಕಾಲದ ಸೈನ್ಯದಲ್ಲಿ ಹಿಂದೂಸ್ತಾನಿಯನ್ನು ರೋಮನ್ ಲಿಪಿಯಲ್ಲಿ ಕಲಿಸುತ್ತಿದ್ದರು. ಅದೇ ಬರವಣಿಗೆ. ನಲವತ್ತು ಜನಕ್ಕೆ ಆಲೂ 10 ಪೌಂಡ್, ಗಾಜರ್ 4, ಮಟರ್ 4, ಬೀನ್ಸ್ 3, ಅಂಡಾ 12 ಎಂದು ಮಾಸಿದ ಶಾಯಿಯಲ್ಲಿತ್ತು. ಅದರ ಕೆಳಗೆ ಬಾಲ್‌ಪೆನ್ನಿನಲ್ಲಿ, ಈಚಿನ ಕಾಲದ ಕೈಬರಹದಲ್ಲಿ, ಆರು ಜನಕ್ಕೆಂದು ಭಾಗಿಸಿ ಬರೆದಿದ್ದರು. ಆಗ ಮನೆಯಲ್ಲಿ ನಾವಿದ್ದುದು ಆರು ಜನ.

ಆ ಅಳತೆ ಹೀಗಿದೆ: ಆಲೂಗಡ್ಡೆ 700 ಗ್ರಾಂ, ಕ್ಯಾರೆಟ್ 275, ಸುಲಿದ ಬಟಾಣಿ 275, ಬೀನ್ಸ್ 200, ಎರಡು ಹಳದಿ, ಒಂದೂವರೆ ಲೋಟ ವಾಸನೆಯಿಲ್ಲದ ಎಣ್ಣೆ, ಎರಡು ಚಮಚ ವಿನಿಗರ್, ಉಪ್ಪು, ಚಿಟಿಕೆ ಸಕ್ಕರೆ, ಕೊನೆಗೆ ಕಾಲು ಲೋಟ ಹಾಲಿನ ಕೆನೆ. ಬಟಾಣಿಯನ್ನು ಮುಚ್ಚಳವಿಲ್ಲದೆ ಬೇಯಿಸಿದರೆ ಹಸಿರು ಉಳಿಯುತ್ತದೆ. ಬೆಂದ ತರಕಾರಿಯನ್ನು ಬಟ್ಟೆಯ ಮೇಲೆ ಹರಡಿ ನೀರಾರಿಸಿ. ಆಲೂಗಡ್ಡೆ ಪೂರ್ತಿ ತಣ್ಣಗಾಗದೆ ಬೆರೆಸಬೇಡಿ, ಬಿಸಿಗೆ ಮೇಯೊನೇಸ್ ಕರಗಿ ಎಣ್ಣೆ ಬಿಡುತ್ತದೆ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ರೋಗಾಣುವಿನ ಭಯವುಂಟು. ಮನೆಯಲ್ಲಿ ಚಿಕ್ಕ ಮಕ್ಕಳು, ಗರ್ಭಿಣಿಯರು, ವೃದ್ಧರು ಇದ್ದರೆ ಅಂಗಡಿಯ ಮೇಯೊನೇಸನ್ನೇ ಬಳಸಿ. ಮಳೆಗಾಲದಲ್ಲಿ ಕರೆಂಟು ಹೋಗಿ ಫ್ರಿಜ್ ನಿಂತರೆ ಉಳಿದದ್ದನ್ನು ಇಟ್ಟುಕೊಳ್ಳದೆ ಚೆಲ್ಲಿಬಿಡಿ.

ಸಾಸಿವೆ ಪುಡಿಯ ವಿಷಯ ಬಿಟ್ಟುಹೋಯಿತು. ಹಳದಿಗೆ ಮೊದಲೇ ಬೆರೆಸಬೇಕು. ಮೆಸ್ಸಿನ ಲೆಕ್ಕದಂತೆ ಆರು ಜನಕ್ಕೆ ಒಂದು ಚಮಚವಾಗುತ್ತದೆ. ನೋಟ್‌ಬುಕ್ಕಿನಲ್ಲಿ ಅದನ್ನು ಹೊಡೆದುಹಾಕಿ ಅರ್ಧ ಎಂದು ಮಾಡಿ, ಪಕ್ಕದಲ್ಲಿ "ಟೀಚರಮ್ಮ" ಎಂದು ಬರೆದಿದ್ದರು. ಸಾಸಿವೆಯ ಘಾಟು ನನಗೆ ಆಗದೆಂದು ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ. ನೀವು ಬೇಕಿದ್ದರೆ ಒಂದು ಚಮಚ ಪೂರ್ತಿ ಹಾಕಿಕೊಳ್ಳಿ.