ಬಿಸಿಲೇರುವ ಮುನ್ನ

ಏಪ್ರಿಲ್ 5, 2023, ಬುಧವಾರ
ಬಸವೇಶ್ವರನಗರ

ನಿನ್ನೆ ಮಧ್ಯಾಹ್ನ ಸಿಕ್ಕಿಮಿನಲ್ಲಿ, ನಾಥೂಲಾಗೆ ಹೋಗುವ ರಸ್ತೆಯ ಮೇಲೆ ಹಿಮ ಕುಸಿದು ಏಳು ಪ್ರವಾಸಿಗರು ಸತ್ತಿದ್ದಾರೆ. ಪೇಪರ್ ಓದಿದಾಗಿನಿಂದ ಅಮ್ಮ ತಮ್ಮನ ಹಿಂದೆ ಬಿದ್ದಿದ್ದಾಳೆ, ಟ್ರೆಕ್ಕಿಂಗ್ ಬೇಡವೇ ಬೇಡ ಅಂತ. ಅವನು ಮೇ ತಿಂಗಳ, ಹಿಮಾಚಲದ ಸಾರ್ ಪಾಸ್ ಚಾರಣಕ್ಕೆ ದುಡ್ಡು ಕಟ್ಟಿಯಾಗಿದೆ.

ಅಮ್ಮನಿಗೆ ಹಿಮ ಅಂದರೆ 2016ರ ಸಿಯಾಚಿನ್. ಕುಂದಗೋಳ ತಾಲ್ಲೂಕು ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕಾಗ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ಫೆಬ್ರವರಿ 11ರಂದು ಅವರು ದೆಹಲಿಯಲ್ಲಿ ತೀರಿಕೊಂಡಾಗ ಟಿವಿ ಮುಂದೆ ಕೂತು ಅತ್ತಿದ್ದಳು.

"ಅದು ಚಳಿಗಾಲ ಅಮ್ಮ. ಮೇನಲ್ಲಿ ಬಿಸಿಲು ಬಂದಿರುತ್ತೆ, ಏನೂ ಆಗಲ್ಲ" ಅಂದ ತಮ್ಮ.

ಬಿಸಿಲು ಬಂದರೆ ಏನೂ ಆಗಲ್ಲ ಅನ್ನುವ ಆ ನಂಬಿಕೆಗೇ ನನಗೆ ಭಯ.

ಏಪ್ರಿಲ್ 9, ಭಾನುವಾರ

ಬೆಳಿಗ್ಗೆ ತಮ್ಮನನ್ನು ಕೆಂಗೇರಿ ಕಡೆಯಿಂದ ತುರಹಳ್ಳಿ ಬಂಡೆಗೆ ಕರೆದುಕೊಂಡು ಹೋದೆ. ಮೊಬೈಲನ್ನು ಬಂಡೆಯ ಮೇಲಿಟ್ಟು ಇಳಿಜಾರು ಅಳೆದೆವು. ಒಂದು ಕಡೆ 35 ಡಿಗ್ರಿ ತೋರಿಸಿತು.

"ಇಷ್ಟೇನಾ ಅಕ್ಕ? ಕೂತ್ಕೊಂಡೇ ಜಾರಬಹುದು."

ಹೌದು, ಇಷ್ಟೇ. ಹೆಚ್ಚಿನ ಹಿಮಕುಸಿತಗಳು ಆಗುವುದು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ. ಅದಕ್ಕಿಂತ ಕಡಿದಾದ ಕಡೆ ಹಿಮ ರಾಶಿಯಾಗಿ ನಿಲ್ಲುವುದು ಕಡಿಮೆ, ಆಗಾಗ ಉದುರಿಹೋಗುತ್ತದೆ. ನೋಡಿದರೆ ಹೆದರಿಕೆಯೇ ಆಗದ ಇಳಿಜಾರು ಅದು. ಸಮತಟ್ಟಾದ ಜಾಗದಲ್ಲಿ ನಿಂತ ಮಾತ್ರಕ್ಕೆ ಬಚಾವೂ ಅಲ್ಲ, ತಲೆಯ ಮೇಲೆ ಏನಿದೆ ಎಂದು ನೋಡಬೇಕು. ನಾಥೂಲಾದವರು ಇದ್ದದ್ದು ರಸ್ತೆಯ ಹತ್ತಿರ.

ಏಪ್ರಿಲ್ 14, ಶುಕ್ರವಾರ

ಇವತ್ತು ರಜೆ. ಊಟವಾದ ಮೇಲೆ ಅಮ್ಮನನ್ನೂ ಕೂರಿಸಿಕೊಂಡು, ಬಿಸಿಲು ಬಂದರೆ ಏನಾಗುತ್ತದೆ ಎಂದು ವಿವರಿಸಿದೆ. ಹಗಲಿನ ಬಿಸಿಲಿಗೆ ಹಿಮದ ಮೇಲ್ಪದರ ಕರಗಿ ನೀರು ಒಳಗೆ ಇಳಿಯುತ್ತದೆ. ಹರಳು ಹರಳಿನ ನಡುವಿನ ಬೆಸುಗೆ ಸಡಿಲವಾಗುತ್ತದೆ. ನೀರು ಕೆಳಗಿನ ಗಟ್ಟಿ ಪದರಕ್ಕೋ ಬಂಡೆಗೋ ತಲುಪಿದರೆ ಮೇಲಿನದೆಲ್ಲ ಒಟ್ಟಿಗೆ ಜಾರಬಹುದು. ರಾತ್ರಿ ಆಕಾಶ ನಿರ್ಮಲವಾಗಿದ್ದರೆ ಶಾಖ ಹೊರಹೋಗಿ ಎಲ್ಲ ಮತ್ತೆ ಹೆಪ್ಪುಗಟ್ಟುತ್ತದೆ. ಮೋಡ ಮುಚ್ಚಿದ ಬೆಚ್ಚನೆಯ ರಾತ್ರಿಯಾದರೆ ಗಟ್ಟಿಯಾಗುವುದಿಲ್ಲ, ಬೆಳಗಿನ ಜಾವವೂ ನಂಬುವ ಹಾಗಿಲ್ಲ. ಸಾರ್ ಪಾಸ್‌ಗೆ ನಗಾರು ಶಿಬಿರದಿಂದ ಕತ್ತಲಲ್ಲೇ ಹೊರಡಿಸುವುದು ಬಿಸಿಲೇರಿ ಹಿಮ ಸಡಿಲವಾಗುವ ಮುನ್ನ ದಾಟಲೆಂದೇ. ಎಷ್ಟೋ ಜನ ಅದು ಸೂರ್ಯೋದಯ ನೋಡಲು ಅಂದುಕೊಂಡಿರುತ್ತಾರೆ.

ಒದ್ದೆ ಹಿಮ ನಿಂತ ತಕ್ಷಣ ಸಿಮೆಂಟಿನಂತೆ ಬಿಗಿಯುತ್ತದೆ, ಕೈಯಲ್ಲಿ ಬಗೆದು ತೆಗೆಯಲಾಗದು. ಹೂತುಹೋದವರನ್ನು ಹದಿನೈದು ನಿಮಿಷದೊಳಗೆ ತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬರು ಉಳಿದರೆ ಹೆಚ್ಚು. ಅಷ್ಟರೊಳಗೆ ಯಾವ ಹೆಲಿಕಾಪ್ಟರ್ ಬಂದೀತು? ಸಲಿಕೆ ಜೊತೆಗಿದ್ದವರ ಬೆನ್ನಲ್ಲೇ ಇರಬೇಕು. ಹನುಮಂತಪ್ಪನವರು ಆರು ದಿನ ಉಸಿರು ಹಿಡಿದದ್ದು ಸಾವಿರಕ್ಕೊಂದು ಎಂದು ಅಮ್ಮನಿಗೆ ಹೇಳುವಾಗ ನನ್ನ ಗಂಟಲೇ ಕಟ್ಟಿತು.

ಏಪ್ರಿಲ್ 22, ಶನಿವಾರ

ತಮ್ಮ, ಚಾರಣ ನಡೆಸುವವರಿಗೆ ಫೋನ್ ಮಾಡಿ ಕೇಳಿದ. ರಾತ್ರಿ ಹೆಪ್ಪುಗಟ್ಟದಿದ್ದರೆ ಏನು ಮಾಡ್ತೀರಿ? ಎಷ್ಟು ಗಂಟೆ ಮೀರಿದರೆ ವಾಪಸ್? ಚಂಡೀಗಢದ ಡಿಜಿಆರ್‌ಇ ಸಂಸ್ಥೆ ಕೊಡುವ ಹಿಮಕುಸಿತದ ಮುನ್ಸೂಚನೆ ನೋಡ್ತೀರಾ? ಸಲಿಕೆ ಯಾರ ಹತ್ತಿರ ಇರುತ್ತೆ? ಉತ್ತರಗಳನ್ನು ಬರೆದುಕೊಂಡು ಬಂದು ಅಮ್ಮನಿಗೆ ಓದಿಹೇಳಿದ. ವಾಪಸ್ ಬರುವ ಗಂಟೆಯನ್ನು ಅಮ್ಮ ಎರಡು ಸಲ ಕೇಳಿಸಿಕೊಂಡಳು.

ಆದರೂ ದುಡ್ಡು ಕಟ್ಟಿದ್ದೀವಿ, ರಜೆ ಹಾಕಿದ್ದೀವಿ ಅನ್ನುವುದು ಕಾಲನ್ನು ಮುಂದಕ್ಕೆ ತಳ್ಳುತ್ತದೆ. ಅದಕ್ಕೇ ಅವನಿಗೆ ಹೇಳಿಬಿಟ್ಟೆ: "ಅರ್ಧಕ್ಕೆ ವಾಪಸ್ ಬಂದ್ರೆ ಮುಂದಿನ ವರ್ಷದ ಖರ್ಚು ನನ್ನದು."