ನಾನ್ಯಾಕೆ ಹೋಗ್ಲಿ?

ಪತ್ರಿಕೆಯ ಗೆಳೆಯರು ಈ ಸಂಚಿಕೆಗೆ ಒಂದು ಪದ್ಯ ಕೊಡಿ, ಬೆಂಕಿಯಂಥದ್ದು ಕೊಡಿ ಅಂದಿದ್ದರು. ಪದ್ಯ ಶುರುವಾಗಿತ್ತು. ನಾಕು ಸಾಲು ಬರೆದಿಟ್ಟ ಹಾಳೆ ಬೆಳಿಗ್ಗೆ ನೋಡಿದರೆ ರಾಕೆಟ್ಟಾಗಿ ಎದುರುಮನೆಯ ಶೀಟಿನ ಮೇಲೆ ಕೂತಿತ್ತು. ಪೆನ್ನಿನ ಕೊಳವೆ ಪೀಪಿಯಾಗಿತ್ತು. ಹಂಗಾಗಿ ಗೆಳೆಯರೇ, ಪದ್ಯದ ಬದಲು ಪದ್ಯ ಹಾರಿಸಿದವರ ಸುದ್ದಿಯನ್ನೇ ಬರೆಯುತ್ತಿದ್ದೇವೆ.

ಬನ್ನಿಮಂಟಪದ ಪಂಜಿನ ಕವಾಯತು ಮೈದಾನಕ್ಕೆ ಕೂಗಳತೆಯಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆ. ಒಳಗೆ ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ 6, ಚಿಕ್ಕವನಿಗೆ 4. ವ್ಯವಸ್ಥೆಯ ವಿರುದ್ಧ ಅಂತ ನಾವು ಸಭೆಗಳಲ್ಲಿ ಗಂಟಲು ಹರಿದುಕೊಳ್ಳುತ್ತೇವೆ. ಈ ಇಬ್ಬರ ಲೆಕ್ಕದಲ್ಲಿ ವ್ಯವಸ್ಥೆ ಅಂದರೆ ನಾವೇ. ಸ್ನಾನ, ಹೋಂವರ್ಕು, ಸೊಪ್ಪಿನ ಸಾರು, ರಾತ್ರಿ ನಿದ್ದೆ ಎಲ್ಲವೂ ದಬ್ಬಾಳಿಕೆ. ಶಿಕ್ಷಣ, ಸಂಘಟನೆ, ಹೋರಾಟ ಅಂತ ಬಾಬಾಸಾಹೇಬರು 1942ರಲ್ಲಿ ನಾಗಪುರದಲ್ಲಿ ಹೇಳಿದರು. ನಮ್ಮನೇಲಿ ದೊಡ್ಡವನು ಚಿಕ್ಕವನಿಗೆ ಬಿಸ್ಕತ್ತಿನ ಡಬ್ಬ ತೆಗೆಯೋದು ಕಲಿಸುತ್ತಾನೆ, ಇಬ್ಬರೂ ಮಂಚದ ಕೆಳಗೆ ಸೇರುತ್ತಾರೆ, ಡಬ್ಬ ಕಿತ್ತುಕೊಂಡರೆ ಓಣಿಗೆಲ್ಲ ಕೇಳೋ ಹಂಗೆ ಹೋರಾಟ.

ಇವರ ಘೋಷಣೆ ಒಂದೇ. ‘ನಾನ್ಯಾಕೆ ಹೋಗ್ಲಿ?’ ಎದುರಿನ ಅಂಗಡಿಯಿಂದ 10 ರೂಪಾಯಿ ಕೊತ್ತಂಬರಿ ತಾರಪ್ಪ ಅಂದರೆ ದೊಡ್ಡವನು ಚಿಕ್ಕವನನ್ನು ತೋರಿಸುತ್ತಾನೆ. ಚಿಕ್ಕವನು, ಯಾವಾಗ್ಲೂ ತಮ್ಮಂದಿರೇ ಯಾಕೆ ಹೋಗ್ಬೇಕು ಅಂತಾನೆ. ಕೊನೆಗೆ ಇಬ್ಬರೂ ಕೂಡಿ, ‘ಅಪ್ಪ ಸುಮ್ನೆ ಕೂತದೆ, ಅಪ್ಪನೇ ಹೋಗ್ಲಿ’ ಅಂತ ಒಮ್ಮತದ ನಿರ್ಣಯ ಮಾಡುತ್ತಾರೆ. ಪದ್ಯ ಬರೆಯೋದು ಸುಮ್ನೆ ಕೂರೋದಲ್ಲ ಅಂತ ವಾದಿಸಲು ಇವರವ್ವ ಕೂಡ ನಮ್ಮ ಪರ ನಿಲ್ಲೋದಿಲ್ಲ.

ವಿಜಯದಶಮಿಯ ಜಂಬೂಸವಾರಿ ಅರಮನೆಯಿಂದ ಹೊರಟು ಸುಮಾರು 5 ಕಿಲೋಮೀಟರ್ ನಡೆದು ಮುಗಿಯೋದು ನಮ್ಮ ಬನ್ನಿಮಂಟಪದಲ್ಲೇ. ಅಂಬಾರಿಯ ತೂಕ 750 ಕಿಲೋ. 2012ರಿಂದ 2019ರವರೆಗೆ ಅರ್ಜುನ ಹೊತ್ತ, 2020ರಲ್ಲಿ ಅಭಿಮನ್ಯುವಿನ ಸರದಿ ಬಂತು. ನಮ್ಮ ಮನೆಯಲ್ಲಿ ದಸರೆ ದಿನಾ ಸಂಜೆ. ದಿಂಬೇ ಅಂಬಾರಿ. ತೊಡಕು ಏನಪ್ಪಾ ಅಂದ್ರೆ, ಇಬ್ಬರಿಗೂ ಅಂಬಾರಿಯೇ ಬೇಕು, ಆನೆಯಾಗೋಕೆ ಯಾರೂ ತಯಾರಿಲ್ಲ. ‘ನಾನ್ಯಾಕೆ ಆನೆ?’ ಹಂಗಾಗಿ ಆನೆ ನಾವು. ದಸರೆಯ ಆನೆಗಳಿಗೆ ಮೊದಲು ಮರಳಿನ ಮೂಟೆ ಹೊರಿಸಿ ತಾಲೀಮು ಕೊಡುತ್ತಾರೆ, ಕಬ್ಬು ಬೆಲ್ಲ ತಿನ್ನಿಸುತ್ತಾರೆ. ನಮಗೆ ತಾಲೀಮೂ ಇಲ್ಲ, ಬೆಲ್ಲವೂ ಇಲ್ಲ. ಮಂಡಿಯೂರಿ ಅಡುಗೆ ಒಲೆಯಿಂದ ಬಾಗಿಲವರೆಗೆ ನಡೆಯಬೇಕು, ನಡುವೆ ನಿಂತರೆ ಮಾವುತ ಕಿವಿ ಹಿಂಡುತ್ತಾನೆ.

ನಗಬೇಡಿ. ನಮ್ಮ ವಂಶದಲ್ಲಿ ಹಿಂದಕ್ಕೆ ಎಷ್ಟು ತಲೆ ಎಣಿಸಿದರೂ ಎಲ್ಲ ಹೊತ್ತವರೇ. ಹೊರಕ್ಕಿಲ್ಲ ಅಂದವರಲ್ಲಿ ಈ ಇಬ್ಬರೇ ಮೊದಲು.

ನಂಜನಗೂಡಿನ ಕಡೆಯ ನಮ್ಮೂರಿಂದ ಅವ್ವ ಬಂದಳು. ಎರಡು ದಿನ ನೋಡಿದಳು. ಮೂರನೆಯ ದಿನ, ‘ಏನ್ಲಾ ಇವು, ದೊಡ್ಡೋರು ಅನ್ನೋ ಭಯವೇ ಇಲ್ವಲ್ಲ. ಒಸಿ ಹದ್ದುಬಸ್ತಲ್ಲಿ ಬೆಳ್ಸು. ಎದುರು ಮಾತಾಡೋವು ಬಾಳಕಿಲ್ಲ ಕನಾ’ ಅಂದಳು. ಈ ಮಾತು ನಮ್ಮ ತೊಡೆಗೆ ಚೆನ್ನಾಗಿ ಗೊತ್ತು. ಗೌಡರ ಜಗಲಿ ಮುಂದೆ ಓಡಿದರೆ ಅವ್ವ ಚಿವುಟೋಳು. ಜೋರಾಗಿ ನಕ್ಕರೆ ಚಿವುಟೋಳು. ಗುಡಿಯ ಬಾಗಿಲಲ್ಲಿ ಇಣುಕಿದರೆ ಚಿವುಟೋಳು. ಅವಳಿಗೆ ಮಕ್ಕಳ ಮೇಲೆ ಸಿಟ್ಟಿರಲಿಲ್ಲ. ಊರವರು ಹೊಡೆಯದಿರಲಿ ಅಂತ ತಾನೇ ಮೊದಲು ಹೊಡೀತಿದ್ದಳು. ನಮ್ಮ ಹಟ್ಟಿಗಳಲ್ಲಿ ಭಯಕ್ಕೆ ಶಿಸ್ತು ಅಂತ ಹೆಸರಿಟ್ಟಿದ್ದರು. ಹಂಗೆ ತುಟಿ ಬಿಗಿದುಕೊಂಡೇ ಕೇರಿಯ ಮೊದಲ ಡಿಗ್ರಿ ಪಡೆದೆವು. ಬಾಯಿ ಬಿಡೋಕೆ ನಮಗೆ ಪದ್ಯ ಬೇಕಾಯಿತು. ಈ ಪುಂಡರಿಗೆ ಕೊತ್ತಂಬರಿ ಸಾಕು.

ನೀರಿನ ಬಾಟ್ಲಿಯದು ಇನ್ನೊಂದು ಕಥೆ. ಹೋದ ವಾರ ದೊಡ್ಡವನು ಕೆಂಪು ಬಾಟ್ಲಿ ತಗೊಂಡು ಹೋಗಿ ನೀಲಿ ಬಾಟ್ಲಿ ತಂದ. ಯಾರದೋ ಇದು? ಗೊತ್ತಿಲ್ಲ. ನಿನ್ನದೆಲ್ಲಿ? ಯಾರೋ ಕುಡೀತಿದ್ರು. ನೀನು? ಇದ್ರಲ್ಲಿ ಕುಡ್ದೆ. ಇವರವ್ವ ಸೌಟು ಹಿಡಿದು, 120 ರೂಪಾಯಿ ಬಾಟ್ಲಿ ಕಣೋ ಅಂತ ನಿಂತಳು. ನಾವು ನೀಲಿ ಬಾಟ್ಲಿ ಹಿಡಿದು ನಿಂತೆವು. ಸಾತಾರೆಯ ಶಾಲೆಯಲ್ಲಿ ಹುಡುಗ ಭೀಮರಾಯ ನಲ್ಲಿ ಮುಟ್ಟೋ ಹಾಗಿರಲಿಲ್ಲ. ಜವಾನ ಬಂದು ತಿರುಗಿಸಿದರೆ ನೀರು, ಜವಾನ ಇಲ್ಲದ ದಿನ ನೀರಿಲ್ಲ. ಅದನ್ನು ಬಾಬಾಸಾಹೇಬರೇ ಬರೆದಿಟ್ಟಿದ್ದಾರೆ. ಇವನೋ ಯಾರದ್ದೋ ಬಾಟ್ಲಿ ಎಂಜಲು ಮಾಡಿ, ತನ್ನದನ್ನು ಎಂಜಲು ಮಾಡಿಸಿಕೊಂಡು, ಅದರ ಅರಿವೇ ಇಲ್ಲದೆ ಬಂದಿದ್ದಾನೆ. ಹೆಂಗೆ ಬೈಯೋದು? ಆದರೂ 120 ರೂಪಾಯಿ 120 ರೂಪಾಯಿಯೇ, ಅದನ್ನು ಇವರವ್ವ ಬೈದಳು.

ಹಂಗಂತ ಅವ್ವನ ಭಯ ಹಳೇದು ಅಂತ ತಳ್ಳಿಹಾಕೋಕೆ ಬರೋದಿಲ್ಲ. 2021ರ ಸೆಪ್ಟೆಂಬರಿನಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ನಮ್ಮವರ ಮಗುವೊಂದು ಹನುಮಪ್ಪನ ಗುಡಿಯೊಳಕ್ಕೆ ಓಡಿತು ಅಂತ, ಗುಡಿ ಶುದ್ಧಿಗೆ ಅಪ್ಪನ ಹತ್ತಿರ ದಂಡ ಕೇಳಿದರು. ಮರುವರ್ಷ, 2022ರ ಸೆಪ್ಟೆಂಬರಿನಲ್ಲಿ, ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಹುಡುಗನೊಬ್ಬ ದೇವರ ಕೋಲು ಮುಟ್ಟಿದ ಅಂತ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಓಡೋದು, ಮುಟ್ಟೋದು ಹುಡುಗರ ಕೆಲಸ. ನಮ್ಮ ಹುಡುಗರಿಗೆ ಮಾತ್ರ ಅದಕ್ಕೊಂದು ಬೆಲೆಪಟ್ಟಿ ಇದೆ. ನಮ್ಮ ಇಬ್ಬರು ದಿನಕ್ಕೆ ಏನೇನು ಮುಟ್ಟುತ್ತಾರೆ ಅಂತ ಲೆಕ್ಕ ಹಾಕಿದರೆ ಏಳು ಜನ್ಮದ ಸಂಬಳ ಸಾಲದು.

ಹಂಗಾದರೆ ಆ ಚಿವುಟನ್ನು ಇವರಿಗೂ ದಾಟಿಸಬೇಕೆ? ಇವರವ್ವನೂ ನಾವೂ ಕೂತು ಮಾತಾಡಿದ್ದೇವೆ. ದಾಟಿಸೋದಿಲ್ಲ. ರಸ್ತೆ ದಾಟುವಾಗ ಕೈ ಹಿಡೀಬೇಕು, ಯಾರನ್ನೂ ಕೀಳಾಗಿ ಕರೀಬಾರದು, ತಿಂದ ತಟ್ಟೆ ತಾವೇ ತೊಳೀಬೇಕು. ಇವು ಮನೆಯ ಕಾನೂನು. ತಟ್ಟೆಗೂ ‘ನಾನ್ಯಾಕೆ?’ ಬಂತು. ತಿಂದವನು ನೀನು, ಅದಕ್ಕೆ ಅಂದೆವು. ಉತ್ತರ ಇರೋ ಕಡೆ ಉತ್ತರ ಕೊಡೋದು. ತಲೆ ತಗ್ಗಿಸು ಅನ್ನೋದಕ್ಕೆ ನಮ್ಮ ಹತ್ತಿರ ಉತ್ತರ ಇಲ್ಲ, ಹಂಗಾಗಿ ಅದು ಕಾನೂನಲ್ಲ. ದಂಡ ಹಾಕೋರನ್ನು ತಡೆಯೋದು ನಮ್ಮ ಕೆಲಸ, ಸಂಘಟನೆಯ ಕೆಲಸ. ಅದನ್ನು 4 ವರ್ಷದವನ ಬೆನ್ನಿಗೆ ಹೇರೋದು ನ್ಯಾಯವಲ್ಲ.

ಅವ್ವ ಒಪ್ಪಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಊರಿಗೆ ಹೊರಡೋ ಹಿಂದಿನ ಸಂಜೆ ದೊಡ್ಡವನನ್ನು ಕರೆದು, ‘ಎಲೆ ಅಡಕೆ ತತ್ತಾ ಮಗ’ ಅಂದಳು.

‘ನಾನ್ಯಾಕೆ ಹೋಗ್ಲಿ?’

ಅವ್ವ ಸುಮ್ಮನಾದಳು. ನಮ್ಮಪ್ಪ ಎಂಟನೇ ವಯಸ್ಸಿಗೆ ಗೌಡರ ದನಗಳ ಹಿಂದೆ ಜೀತಕ್ಕೆ ಹೋದವರು. 1976ರಲ್ಲಿ ಜೀತ ರದ್ದಾದ ಕಾಯಿದೆ ಬಂದ ಮೇಲೂ ಆ ಕೊಟ್ಟಿಗೆ ಬಿಟ್ಟು ಬರೋಕೆ ಅವರಿಗೆ ವರ್ಷಗಳೇ ಹಿಡಿದವು.

‘ನಿಮ್ ತಾತುನ್ಗೆ ಈ ಮಾತು ಬಾಯಿಗೇ ಬರ್ನಿಲ್ಲ ಕಲಾ’ ಅಂದಳು. ಆಮೇಲೆ ಸೀರೆ ಸರಿಸಿ ಮಂಡಿ ತೋರಿಸಿದಳು. ‘ನೋಡು, ಊದ್ಕಂಡದೆ. ನಡಿಯಕ್ಕಾಗಕಿಲ್ಲ. ಅದುಕ್ಕೆ ನೀನು ಹೋಗು ಅಂದಿದ್ದು.’

ದೊಡ್ಡವನು ಮಂಡಿ ಒತ್ತಿ ನೋಡಿದ. ಕಾರಣ ಸರಿಯಿದೆ ಅನ್ನಿಸಿತೇನೋ, ಚಡ್ಡಿ ಏರಿಸಿಕೊಂಡು ಹೊರಟ. ಚಿಕ್ಕವನೂ ಹಿಂದೆ ಓಡಿದ. ಎಲೆ ಅಡಕೆ ಬಂತು, ಚಿಲ್ಲರೆಯಲ್ಲಿ ಎರಡು ಚಾಕಲೇಟಿನಷ್ಟು ಕಮ್ಮಿ ಬಂತು. ಅವ್ವ ಲೆಕ್ಕ ಕೇಳಲಿಲ್ಲ.