ವಾಲಿ ಕೇಳಬೇಕಾದ ಪ್ರಶ್ನೆ

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕರಾವಳಿಯಲ್ಲಿ ಮಾತಿನ ಕಾಲ ಶುರುವಾಗುತ್ತದೆ. ಹೊರಗೆ ಮಳೆ ಹಿಡಿದಿರುವಾಗ ದೇವಸ್ಥಾನದ ಚಾವಡಿಯಲ್ಲೋ, ಊರಿನ ಸಭಾಭವನದಲ್ಲೋ, ದೊಡ್ಡ ಮನೆಯೊಂದರ ಜಗಲಿಯಲ್ಲೋ ತಾಳಮದ್ದಳೆಯ ಕೂಟ ಸೇರುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಬಣ್ಣ ಹಚ್ಚುವ ಚೌಕಿಯಿಲ್ಲ. ಭಾಗವತರು ಪದ್ಯ ಹೇಳಿ ಮುಗಿಸುತ್ತಾರೆ, ಚೆಂಡೆ ಮದ್ದಳೆಗಳು ಸುಮ್ಮನಾಗುತ್ತವೆ, ಪಂಚೆ ಉಟ್ಟು ಶಾಲು ಹೊದ್ದು ಕುಳಿತ ಅರ್ಥಧಾರಿ ಆ ಪದ್ಯದ ನಾಲ್ಕು ಸಾಲನ್ನು ಆಧಾರವಾಗಿಟ್ಟುಕೊಂಡು ರಾಮನಾಗಿಯೋ ವಾಲಿಯಾಗಿಯೋ ಮಾತಾಡತೊಡಗುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ಎದುರು ಕುಳಿತವರು ಬೇರೆ ಊರಿನಿಂದ ಆಗಷ್ಟೇ ಬಂದಿಳಿದವರಿರಬಹುದು. ಇಬ್ಬರೂ ಕೂಡಿ ತಾಲೀಮು ಮಾಡಿರುವುದಿಲ್ಲ. ಕಥೆ ಎಲ್ಲರಿಗೂ ಗೊತ್ತು, ಕೊನೆಗೆ ಸಾಯುವವರು ಯಾರೆಂಬುದೂ ಗೊತ್ತು. ಇವರು ಅವರನ್ನು ಮುಂದೆ ಏನು ಕೇಳುತ್ತಾರೆಂಬುದು ಮಾತ್ರ ಆ ಕ್ಷಣದವರೆಗೆ ಕೇಳುವವರಿಗೇ ಗೊತ್ತಿರುವುದಿಲ್ಲ.

ತಾಳಮದ್ದಳೆಯನ್ನು ಹೊಗಳುವಾಗ ನಾವು ಸಾಮಾನ್ಯವಾಗಿ ಅರ್ಥಧಾರಿಯ ಪಾಂಡಿತ್ಯವನ್ನು, ಕಂಠವನ್ನು, ಮಾತಿನ ಓಘವನ್ನು ಹೊಗಳುತ್ತೇವೆ. ಆ ಹೊಗಳಿಕೆ ಸಲ್ಲಬೇಕಾದದ್ದೇ. ಆದರೆ ಈ ಕಲೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಪ್ರಶ್ನೆ. ಪೀಠಿಕೆಯನ್ನು ಮನೆಯಲ್ಲಿ ಕಟ್ಟಿಕೊಂಡು ಬರಬಹುದು. ಶ್ಲೋಕ, ಉಪಕಥೆ, ಪ್ರಾಸಗಳನ್ನು ಹೊಂದಿಸಿಕೊಂಡು ಬಂದು ಅರ್ಧ ಗಂಟೆ ಸಭೆಯನ್ನು ಹಿಡಿದಿಡಬಹುದು. ಪ್ರಶ್ನೆಯನ್ನು ಹಾಗೆ ತರಲಾಗುವುದಿಲ್ಲ. ಎದುರಿನವರು ಈಗ ತಾನೇ ಆಡಿದ ಮಾತಿನ ಯಾವುದೋ ಒಂದು ಎಳೆಯನ್ನು ಹಿಡಿದು ಅದು ಹುಟ್ಟಬೇಕು. ಹುಟ್ಟಬೇಕಾದರೆ ಕೇಳುವವರು ಅಷ್ಟು ಹೊತ್ತೂ ಕಿವಿಗೊಟ್ಟು ಕುಳಿತಿರಬೇಕು. ಆದ್ದರಿಂದ ಪ್ರಶ್ನೆಯೆಂಬುದು ಮಾತಿಗಿಂತ ಮೊದಲು ಆಲಿಸುವಿಕೆಯ ಪರೀಕ್ಷೆ. ಅದರ ತೂಕವನ್ನು ಕೇಳಿದವರ ಜಾಣತನದಿಂದ ಅಳೆಯಬಾರದು, ಉತ್ತರಿಸಿದವರ ಮಾತು ಆಮೇಲೆ ಎಷ್ಟು ಎತ್ತರಕ್ಕೆ ಹೋಯಿತೆಂಬುದರಿಂದ ಅಳೆಯಬೇಕು ಎಂಬುದು ನನ್ನ ವಾದ. ಈ ಅಳತೆ ಕೂಟಕ್ಕೆ ಸಲ್ಲುವಂತೆ ರಾಯಭಾರಕ್ಕೂ ಸಲ್ಲುತ್ತದೆ, ಮನೆಯೊಳಗಿನ ಮಾತಿಗೂ ಸಲ್ಲುತ್ತದೆ.

ವಾಲಿವಧೆಯನ್ನೇ ನೋಡೋಣ. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾ ಕಾಂಡದ 17ನೆಯ ಸರ್ಗದಲ್ಲಿ ಬಾಣ ತಗಲಿ ಬಿದ್ದ ವಾಲಿಯ ಆಕ್ಷೇಪಗಳಿವೆ, 18ರಲ್ಲಿ ರಾಮನ ಉತ್ತರವಿದೆ. ಯಕ್ಷಗಾನದಲ್ಲಿ ಈ ಕಥೆಗೆ ಕುಂಬಳೆಯ ಪಾರ್ತಿಸುಬ್ಬನ ಪದ್ಯಗಳು ಸಿಕ್ಕಿ, ತಾಳಮದ್ದಳೆಯ ಬಹುಪ್ರಿಯ ಪ್ರಸಂಗಗಳಲ್ಲಿ ಇದೊಂದಾಯಿತು. ವಾಲಿ ಕೇಳುವುದನ್ನೆಲ್ಲ ಒಂದೇ ಆಕ್ರೋಶವೆಂದು ಕೇಳಿಸಿಕೊಂಡರೆ ಅದರ ರುಚಿ ತಪ್ಪಿಹೋಗುತ್ತದೆ. ಮೊದಲನೆಯದು ಕ್ಷತ್ರಿಯರ ರೀತಿಯನ್ನು ಕುರಿತದ್ದು: ಬೇರೊಬ್ಬನೊಡನೆ ಹೋರಾಡುತ್ತಿದ್ದವನನ್ನು ಮರೆಯಲ್ಲಿ ನಿಂತು ಹೊಡೆದದ್ದು ಸರಿಯೇ? ಇದಕ್ಕೆ ರಾಮ ತನ್ನನ್ನು ಸಮರ್ಥಿಸಿಕೊಳ್ಳುವುದಷ್ಟೇ ಸಾಧ್ಯ. ಮಾತು ಬಿಸಿಯಾಗುತ್ತದೆ, ಬೆಳೆಯುವುದಿಲ್ಲ. ಎರಡನೆಯದು ಬೇರೆ ಜಾತಿಯದು: ನಿನ್ನ ನಾಡಿಗಾಗಲಿ ಪಟ್ಟಣಕ್ಕಾಗಲಿ ನಾನು ಕೇಡು ಮಾಡಿದವನಲ್ಲ, ನನ್ನನ್ನು ದಂಡಿಸಲು ನೀನು ಯಾರು? ಇಲ್ಲಿಗೆ ಬಂದಾಗ ರಾಮ ತನ್ನ ಬಿಲ್ಲಿನ ವಿಷಯ ಬಿಟ್ಟು ಅಧಿಕಾರದ ವಿಷಯ ಮಾತಾಡಲೇಬೇಕಾಗುತ್ತದೆ. ಈ ಭೂಮಿ ಇಕ್ಷ್ವಾಕುಗಳದ್ದು, ಭರತ ಆಳುತ್ತಿದ್ದಾನೆ, ತಮ್ಮ ಸುಗ್ರೀವ ಬದುಕಿರುವಾಗಲೇ ಅವನ ಹೆಂಡತಿ ರುಮೆಯನ್ನು ಇಟ್ಟುಕೊಂಡವನಿಗೆ ದಂಡನೆ ಇದೆ ಎಂದು ಅವನು ಹೇಳುತ್ತಾನೆ. ಒಬ್ಬರ ಮನೆಯ ಅನ್ಯಾಯವನ್ನು ಹೊರಗಿನವರು ಬಂದು ಸರಿಪಡಿಸಬಹುದೇ ಎಂಬ ಪ್ರಶ್ನೆ ಇವತ್ತಿಗೂ ರಾಜ್ಯ ರಾಜ್ಯಗಳ ನಡುವೆ ಇತ್ಯರ್ಥವಾಗಿಲ್ಲ. ಮೂರನೆಯದು, ಐದು ಉಗುರಿನ ಪ್ರಾಣಿಗಳಾದ ಪಂಚನಖಗಳಲ್ಲಿ ತಿನ್ನಲು ಯೋಗ್ಯವಾದವು ಐದೇ, ನನ್ನ ಚರ್ಮ ಮಾಂಸ ನಿನಗೆ ಯಾತಕ್ಕೆ ಎಂಬುದು. ಇದಕ್ಕೆ ಅರಸರು ಮೃಗಗಳನ್ನು ಮರೆಯಿಂದಲೂ ಹೊಡೆಯುತ್ತಾರೆ ಎಂಬ ಉತ್ತರ ಸಿಗುತ್ತದೆ. ಆ ಉತ್ತರ ಮತ್ತೊಂದು ಪ್ರಶ್ನೆಗೆ ಬಾಗಿಲು ತೆರೆಯುತ್ತದೆ: ಮೃಗವಾದರೆ ನನಗೆ ಧರ್ಮಶಾಸ್ತ್ರದ ದಂಡನೆ ಏಕೆ, ಧರ್ಮಕ್ಕೆ ಒಳಪಟ್ಟವನಾದರೆ ಮರೆಯೇಕೆ? ಒಳ್ಳೆಯ ಅರ್ಥಧಾರಿಗಳಿಬ್ಬರು ಸೇರಿದರೆ ಈ ಒಂದು ಕವಲಿನಲ್ಲೇ ಸಾಕಷ್ಟು ಹೊತ್ತು ನಿಲ್ಲಬಲ್ಲರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಾಲ್ಕನೆಯದು. ನೀನು ಮೊದಲೇ ನನ್ನಲ್ಲಿ ಹೇಳಿದ್ದರೆ ಒಂದೇ ದಿನದಲ್ಲಿ ಮೈಥಿಲಿಯನ್ನು ತಂದುಕೊಡುತ್ತಿದ್ದೆ, ನನ್ನನ್ನೇಕೆ ಕೇಳಲಿಲ್ಲ ಎಂಬ ಧಾಟಿಯ ಮಾತು ಅದು. ಸಾಯುತ್ತಿರುವವನು ಆಪಾದನೆಯನ್ನು ಬಿಟ್ಟು ಎದುರಾಳಿಯ ಕಾರ್ಯತಂತ್ರವನ್ನೇ ಪರಿಶೀಲನೆಗೆ ತೆಗೆದುಕೊಳ್ಳುತ್ತಾನೆ. ಬಲಿಷ್ಠನನ್ನು ಬಿಟ್ಟು ಬಲವಿಲ್ಲದವನ ಸಖ್ಯ ಮಾಡಿದ್ದೇಕೆ? ವಾಲ್ಮೀಕಿಯ ರಾಮ ಇದಕ್ಕೆ ನೇರವಾಗಿ ಉತ್ತರ ಕೊಡುವುದಿಲ್ಲ. ಸುಗ್ರೀವನಿಗೆ ಕೊಟ್ಟ ಮಾತನ್ನು ಹೇಳಿ ಮುಂದೆ ಹೋಗುತ್ತಾನೆ. ಕಾವ್ಯ ಬಿಟ್ಟುಕೊಟ್ಟ ಈ ಜಾಗದಲ್ಲಿ ಅರ್ಥಧಾರಿ ಕೆಲಸ ಮಾಡಬೇಕು. ರಾಮನ ಅರ್ಥ ಹೇಳುವವರು ಉತ್ತರಕಾಂಡದಲ್ಲಿ ಬರುವ ವಾಲಿ ರಾವಣರ ಸ್ನೇಹವನ್ನು ತರಬಹುದು. ಹೆಂಡತಿಯನ್ನು ಕಳೆದುಕೊಂಡವನ ಸಂಕಟ ಹೆಂಡತಿಯನ್ನು ಕಳೆದುಕೊಂಡವನಿಗೇ ತಿಳಿದೀತು ಎನ್ನಬಹುದು. ತಮ್ಮನ ಹೆಂಡತಿಯನ್ನು ಹಿಡಿದಿಟ್ಟುಕೊಂಡವನ ಕೈಯಲ್ಲಿ ನನ್ನ ಹೆಂಡತಿಯನ್ನು ಬಿಡಿಸಿಕೊಂಡರೆ ನಾನು ರಾವಣನಿಗೆ ಹೇಳುವ ನ್ಯಾಯ ಯಾವುದು ಎಂದು ತಿರುಗಿ ಕೇಳಬಹುದು. ಯಾವ ಉತ್ತರ ಬಂದರೂ ರಾಮನ ಪಾತ್ರ ಮೊದಲಿಗಿಂತ ದೊಡ್ಡದಾಗುತ್ತದೆ. ಕೇಳಿದವನು ವಾಲಿ, ಬೆಳೆದವನು ರಾಮ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಜನ ಕೂಟಕ್ಕೆ ಬರುವುದೇ ಜಿದ್ದಾಜಿದ್ದಿ ನೋಡಲು, ಎದುರಿನವರ ಬಾಯಿ ಕಟ್ಟಿಸಿದವರಿಗೇ ಚಪ್ಪಾಳೆ, ಹೀಗಿರುವಾಗ ಎದುರಾಳಿಯನ್ನು ಬೆಳೆಸುವ ಮಾತೆಲ್ಲ ಸಭ್ಯರ ಕನಸು ಎಂದು ಹೇಳುವವರಿದ್ದಾರೆ. ಜಿದ್ದು ಇದೆ, ಅದರ ಸೊಗಸೂ ಇದೆ, ನಿಜ. ಆದರೆ ಪ್ರಸಂಗದ ಕಟ್ಟನ್ನು ಗಮನಿಸಿ. ವಾಲಿ ಕೊನೆಗೆ ರಾಮನ ಮಾತನ್ನು ಒಪ್ಪಬೇಕು, ಮಗ ಅಂಗದನನ್ನು ನೋಡಿಕೊಳ್ಳೆಂದು ಬೇಡಬೇಕು. ಉತ್ತರವೇ ಇಲ್ಲದಂಥ ಪ್ರಶ್ನೆ ಕೇಳಿ ರಾಮನನ್ನು ಮೂಕನನ್ನಾಗಿ ಮಾಡಿದ ವಾಲಿಗೆ ಆ ಶರಣಾಗತಿಯ ಪದ್ಯ ಬಂದಾಗ ಹೇಳಲು ಏನು ಉಳಿಯುತ್ತದೆ? ತನ್ನ ಗೆಲುವಿನಿಂದಲೇ ತನ್ನ ಪಾತ್ರದ ಸಾವನ್ನು ಸುಳ್ಳು ಮಾಡಿದಂತಾಗುತ್ತದೆ. ಹಾಗಾಗಿ ವಾಲಿಯ ಪ್ರಶ್ನೆ ತನ್ನನ್ನೇ ಒಪ್ಪಿಸಬಲ್ಲ ಉತ್ತರಕ್ಕೆ ಅವಕಾಶವಿಟ್ಟ ಪ್ರಶ್ನೆಯಾಗಬೇಕು. ಆದರೂ ಅದರ ಮೊನೆ ಮೊಂಡಾಗಿರಬಾರದು. ಎರಡನ್ನೂ ಕೂಡಿಸುವುದು ಬಹಳ ಕಷ್ಟದ ಕೆಲಸ. ವಾಲಿ, ರಾವಣ, ಮಾಗಧರಂಥ ಪಾತ್ರಗಳ ವಾದಕ್ಕೆ ಘನತೆ ತಂದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ಅವರಿಗೆ ಎದುರಾಗಿ ಕುಳಿತು ಸರಿಸಾಟಿಯಾಗಿ ಅರ್ಥ ಹೇಳಿದ ಮಲ್ಪೆ ರಾಮದಾಸ ಸಾಮಗರು ಇವರನ್ನು ಕರಾವಳಿ ಜೋಡಿಯಾಗಿಯೇ ನೆನೆಯುತ್ತದೆ. ಹಾಗೆ ನೆನೆಯುವುದರಲ್ಲೇ ನನ್ನ ವಾದಕ್ಕೆ ಸಾಕ್ಷ್ಯವಿದೆ. ಒಬ್ಬರು ಇನ್ನೊಬ್ಬರನ್ನು ಅಳಿಸಿಹಾಕಿದ್ದರೆ ಜೋಡಿ ಉಳಿಯುತ್ತಿರಲಿಲ್ಲ.

ಪಾಂಡಿತ್ಯದ ಕೊಕ್ಕೆ ಹಾಕುವ ಪ್ರಶ್ನೆಗಳೂ ಕೂಟದಲ್ಲಿ ಬರುತ್ತವೆ. ಕಥೆಗೆ ಸಂಬಂಧವಿಲ್ಲದ ವಂಶಾವಳಿ, ಯಾವುದೋ ಪದದ ವ್ಯುತ್ಪತ್ತಿ, ಎಲ್ಲೋ ಮೂಲೆಯ ಪುರಾಣದ ಹೆಸರು. ಉತ್ತರ ಗೊತ್ತಿದ್ದೇ ಕೇಳುವ ಪ್ರಶ್ನೆಗಳಿವು. ಇವುಗಳಿಂದ ಕೆಲವು ಕ್ಷಣ ಸಭೆ ಎಚ್ಚರಗೊಳ್ಳುತ್ತದೆ, ಆಮೇಲೆ ಪಾತ್ರಗಳೆರಡೂ ಮಾಯವಾಗಿ ಶಾಲು ಹೊದ್ದ ಇಬ್ಬರು ಮನುಷ್ಯರು ಮಾತ್ರ ಉಳಿಯುತ್ತಾರೆ. ಭಾಗವತರು ಮುಂದಿನ ಪದ್ಯ ಎತ್ತಿ ಕಥೆಯನ್ನು ಬದುಕಿಸಬೇಕಾಗುತ್ತದೆ.

ಕಾರ್ಯತಂತ್ರದ ಮಾತು ಬಂದರೆ ಕೃಷ್ಣಸಂಧಾನ. ಪಾಂಡವರ ಪರವಾಗಿ ಸಂಧಾನಕ್ಕೆಂದು ಹಸ್ತಿನಾವತಿಗೆ ಬಂದ ಕೃಷ್ಣ ದುರ್ಯೋಧನನ ಊಟವನ್ನು ಒಲ್ಲದೆ ವಿದುರನ ಮನೆಯಲ್ಲಿ ಉಣ್ಣುತ್ತಾನೆ. ನಮ್ಮಲ್ಲಿ ಏಕೆ ಉಣ್ಣಲಿಲ್ಲ ಎಂದು ಉದ್ಯೋಗಪರ್ವದ ದುರ್ಯೋಧನ ಕೇಳುತ್ತಾನೆ. ಮೇಲ್ನೋಟಕ್ಕೆ ಇದು ಉಪಚಾರದ ಮಾತು; ಒಳಗೆ, ನೀನು ಎರಡೂ ಕಡೆಯವರಿಗೆ ಸಮಾನ ಬಂಧುವಲ್ಲವೇ, ಬರುವ ಮೊದಲೇ ಪಕ್ಷ ಹಿಡಿದೆಯಾ ಎಂಬ ಚುಚ್ಚು ಇದೆ. ಬಹಳ ಚೆನ್ನಾದ ಪ್ರಶ್ನೆ. ಇದಕ್ಕೆ ಕೃಷ್ಣ ಮೊದಲು ರಾಯಭಾರಿಯ ನಿಯಮ ಹೇಳುತ್ತಾನೆ: ಬಂದ ಕೆಲಸವಾದ ಮೇಲೆ ದೂತನಿಗೆ ಊಟ. ಒತ್ತಾಯಿಸಿದಾಗ ನಿಜವಾದ ಉತ್ತರ ಹೊರಬರುತ್ತದೆ: ಅನ್ನವನ್ನು ಪ್ರೀತಿಯಿದ್ದಲ್ಲಿ ಉಣ್ಣಬೇಕು ಇಲ್ಲವೇ ಕಷ್ಟಕ್ಕೆ ಸಿಕ್ಕಿದಾಗ ಉಣ್ಣಬೇಕು, ನಿನ್ನಲ್ಲಿ ಪ್ರೀತಿಯಿಲ್ಲ, ನನಗೆ ಕಷ್ಟವಿಲ್ಲ. ಸಭೆ ಸೇರುವ ಮೊದಲೇ ಸಂಧಾನದ ತೊಡಕು ಎಲ್ಲಿದೆಯೆಂದು ಇಬ್ಬರಿಗೂ ಗೊತ್ತಾಗಿಬಿಟ್ಟಿತು. ತೊಡಕಿದ್ದದ್ದು ಪಾಂಡವರು ಕೇಳಿದ ಐದು ಗ್ರಾಮಗಳಲ್ಲಿ ಅಲ್ಲ. ಸಭೆಯಲ್ಲಿ ದುರ್ಯೋಧನನೇ ಇನ್ನೊಂದು ಮಾತನ್ನು ಮುಂದಿಡುತ್ತಾನೆ: ಪಾಂಡವರು ಒಪ್ಪಿ ಜೂಜಾಡಿದರು, ಸೋತರು, ನನ್ನ ತಪ್ಪೇನು? ಈ ಮಾತನ್ನು ಬರೀ ದುರಹಂಕಾರವೆಂದು ತಳ್ಳಿಹಾಕುವ ಕೃಷ್ಣನ ಅರ್ಥ ಸಪ್ಪೆಯಾಗುತ್ತದೆ. ಒಪ್ಪಿಗೆಯಿಂದ ನಡೆದದ್ದೆಲ್ಲ ನ್ಯಾಯವೇ ಎಂದು ಅದನ್ನು ಎತ್ತಿಕೊಂಡವರ ಕೃಷ್ಣ ಬೆಳಗುತ್ತಾನೆ.

ಸೂಜಿಮೊನೆಯಷ್ಟು ನೆಲವೂ ಸಿಗುವುದಿಲ್ಲವೆಂದು ಮೊದಲೇ ಗೊತ್ತಿರುವಾಗ ಪ್ರಶ್ನೋತ್ತರದಿಂದ ಏನು ಪ್ರಯೋಜನ ಎಂದು ಕೇಳಬಹುದು. ವಿದುರ ಕೃಷ್ಣನನ್ನು ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಶಕ್ತಿಯಿದ್ದೂ ತಡೆಯಲಿಲ್ಲವೆಂಬ ಮಾತು ಬರಬಾರದು ಎಂಬುದು ಕೃಷ್ಣನ ಸಮಾಧಾನ. ನಾನು ಇನ್ನೊಂದನ್ನು ಸೇರಿಸುತ್ತೇನೆ. ಪ್ರಶ್ನೆ ಫಲವನ್ನು ಬದಲಿಸದಿದ್ದರೂ ಹೊಣೆ ಯಾರದ್ದೆಂದು ತೋರಿಸುತ್ತದೆ. ಸಂಧಾನದ ಮೊದಲು ಯುದ್ಧಕ್ಕೆ ಕಾರಣಗಳು ಹಲವಿದ್ದವು; ಸಂಧಾನದ ನಂತರ ಭೀಷ್ಮ ದ್ರೋಣರ ಎದುರೇ ಅದು ಒಬ್ಬನ ನಿರ್ಧಾರವಾಗಿ ಉಳಿಯಿತು.

ಇನ್ನೂ ಕಠಿಣವಾದ ಆಕ್ಷೇಪ ದ್ರೌಪದಿಯದು. ಜೂಜಿನ ಸಭೆಗೆ ಕರೆಯಲು ಬಂದ ದೂತ ಪ್ರಾತಿಕಾಮಿಯನ್ನು ಅವಳು ಒಂದು ಪ್ರಶ್ನೆ ಕೊಟ್ಟು ಹಿಂದಕ್ಕೆ ಕಳಿಸುತ್ತಾಳೆ: ಧರ್ಮರಾಯ ಮೊದಲು ತನ್ನನ್ನು ಸೋತನೋ, ನನ್ನನ್ನು ಸೋತನೋ, ಕೇಳಿ ಬಾ. ಮಹಾಭಾರತದಲ್ಲಿ ಇದಕ್ಕಿಂತ ನಿಖರವಾದ ಪ್ರಶ್ನೆ ನನಗೆ ಕಂಡಿಲ್ಲ. ಧರ್ಮರಾಯ ಮಾತಾಡಲಿಲ್ಲ, ಭೀಷ್ಮ ಧರ್ಮ ಸೂಕ್ಷ್ಮವೆಂದ, ವಿಕರ್ಣನೊಬ್ಬ ಅವಳ ಪರ ನಿಂತ, ಅವಳ ಸೆರಗಿಗೆ ಕೈ ಬಿತ್ತು. ಹಾಗಾದರೆ ಪ್ರಶ್ನೆ ಏನು ಮಾಡಿತು? ಬಲವಿರುವವರು ಕಿವಿ ಮುಚ್ಚಿಕೊಂಡರೆ ಪ್ರಶ್ನೆ ಹಿಂಸೆಯನ್ನು ತಡೆಯಲಾರದು, ಇದನ್ನು ಒಪ್ಪಲೇಬೇಕು. ಕೊನೆಗೆ ಧೃತರಾಷ್ಟ್ರ ವರ ಕೊಟ್ಟದ್ದರ ಹಿಂದೆ ಅಪಶಕುನದ ಭಯವೂ ಇತ್ತು. ಆದರೂ ಆ ಸಭೆಯ ಹಿರಿಯರಲ್ಲಿ ಯಾರಿಗೂ ಅವಳು ದಾಸಿಯೆಂದು ನಿಸ್ಸಂಶಯವಾಗಿ ತೀರ್ಪು ಕೊಡಲಾಗಲಿಲ್ಲ. ಅದಕ್ಕೆ ಕಾರಣ ಅವಳ ಪ್ರಶ್ನೆ. ಬೇಡಿಕೊಂಡಿದ್ದರೆ ಕರುಣೆ ಸಿಗುತ್ತಿತ್ತೋ ಇಲ್ಲವೋ, ಆ ಮೌನವಂತೂ ದಾಖಲಾಗುತ್ತಿರಲಿಲ್ಲ.

ಇದು ಕೂಟದ ಮಾತಾಯಿತು, ಬದುಕಿನಲ್ಲಿ ಪ್ರಶ್ನೆ ಕೇಳುವವರನ್ನು ಯಾರೂ ಇಷ್ಟಪಡುವುದಿಲ್ಲ, ಸಂಬಂಧ ಕೆಡುತ್ತದೆ ಎನ್ನುವುದುಂಟು. ಕೆಡಿಸುವ ಪ್ರಶ್ನೆಗಳನ್ನು ಹತ್ತಿರದಿಂದ ನೋಡಿದರೆ ಅವು ಬಹುಮಟ್ಟಿಗೆ ಪ್ರಶ್ನೆಗಳೇ ಅಲ್ಲ. ತಡವಾಗಿ ಬಂದ ಮಗನಿಗೆ ‘ಇಷ್ಟು ಹೊತ್ತಿಗೆ ಮನೆಗೆ ಬರುವುದಾ?’ ಎಂದರೆ ಅದು ತೀರ್ಪು. ‘ದಾರಿಯಲ್ಲಿ ಏನಾದರೂ ಆಯಿತಾ?’ ಎಂದರೆ ಅವನಿಗೆ ಹೇಳಲು ಏನಾದರೂ ಇರುತ್ತದೆ. ಸೊಸೈಟಿಯ ಸಭೆಯಲ್ಲಿ ಅಧ್ಯಕ್ಷರು ‘ಎಲ್ಲರಿಗೂ ಒಪ್ಪಿಗೆ ಅಲ್ಲವೇ?’ ಎಂದು ಕೇಳಿದರೆ ಕೈಗಳು ಮೇಲೇಳುತ್ತವೆ. ‘ಈ ಯೋಜನೆ ಕೆಟ್ಟರೆ ಮೊದಲು ಎಲ್ಲಿ ಕೆಡುತ್ತದೆ?’ ಎಂದು ಕೇಳಿದರೆ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿದ್ದ ಗುಮಾಸ್ತರು ಬಾಯಿ ಬಿಡುತ್ತಾರೆ, ಕೆಲಸ ಉಳಿಯುತ್ತದೆ. ಕೇಳುವ ಮೊದಲು ಕಾಯುವುದೂ ಈ ವಿದ್ಯೆಯ ಭಾಗ. ಪ್ರಶ್ನೋಪನಿಷತ್ತಿನ ಪಿಪ್ಪಲಾದ, ಬಂದ ಆರು ಜನಕ್ಕೂ ಒಂದು ವರ್ಷ ಇಲ್ಲಿದ್ದು ಆಮೇಲೆ ಕೇಳಿ, ಗೊತ್ತಿದ್ದರೆ ಹೇಳುತ್ತೇವೆ ಎಂದ. ಅಷ್ಟು ದಿನ ಕಾಯುವ ವ್ಯವಧಾನ ನಮಗಿಲ್ಲ. ಎದುರಿನವರ ವಾಕ್ಯ ಮುಗಿಯುವವರೆಗಾದರೂ ಕಾಯಬಹುದು.

ಈ ಮಳೆಗಾಲದಲ್ಲಿ ಸಾಧ್ಯವಾದರೆ ಒಂದು ಕೂಟಕ್ಕೆ ಹೋಗಿ. ಕರಾವಳಿಯಲ್ಲೇ ಆಗಬೇಕೆಂದಿಲ್ಲ, ಬೆಂಗಳೂರಿನಲ್ಲೂ ಮುಂಬಯಿಯಲ್ಲೂ ನಡೆಯುತ್ತವೆ. ಮೊದಲ ಸಲವಾದರೆ ವಾಲಿವಧೆಯನ್ನೋ ಕೃಷ್ಣಸಂಧಾನವನ್ನೋ ಆರಿಸಿಕೊಳ್ಳಿ, ಅರ್ಥಧಾರಿಗಳ ಮುಖ ಕಾಣುವಷ್ಟು ಹತ್ತಿರ ಕುಳಿತುಕೊಳ್ಳಿ. ಪೀಠಿಕೆ ಉದ್ದವಾಯಿತೆಂದು ಎದ್ದು ಬರಬೇಡಿ. ವಾಲಿ ಬಾಯಿ ತೆರೆಯುವುದು ಅದಾದ ಮೇಲೆ.